ಬಾಗಿಲು ಒಂದೇ, ಬೀಗದ ಕೈ ಯಾರ ಸೊಂಟದಲ್ಲಿ?

ಪ್ರಶ್ನೆ: ನನ್ನ ಮಗಳು 2022ರಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಇಂಗ್ಲೆಂಡಿಗೆ ಹೊರಟಾಗ ಅಳಿಯಂದಿರೂ ಅವಲಂಬಿತರ ವೀಸಾದಲ್ಲಿ ಜೊತೆಗೆ ಹೋದರು. ಓದು ಮುಗಿದ ಮೇಲೆ ಎರಡು ವರ್ಷ ಕೆಲಸ ಮಾಡಲು ಅನುಮತಿಯೂ ಸಿಕ್ಕಿತು. ಈಗ ಮಗ 2026ರ ಸೆಪ್ಟೆಂಬರಿನಲ್ಲಿ ಹೊರಡಬೇಕೆಂದಿದ್ದಾನೆ, ಆದರೆ ಸೊಸೆಯನ್ನು ಕರೆದುಕೊಂಡು ಹೋಗುವಂತಿಲ್ಲ ಎನ್ನುತ್ತಾರೆ. ವಿಚಾರಿಸಿದರೆ, ಮಗಳಿಗೆ ಕೆಲಸದ ಅನುಮತಿ ಕೊಟ್ಟದ್ದೂ ಕನ್ಸರ್ವೇಟಿವ್ ಪಕ್ಷವೇ, ಸೊಸೆಯನ್ನು ತಡೆದದ್ದೂ ಅದೇ ಪಕ್ಷವೇ ಎಂದು ತಿಳಿಯಿತು. ಸಂಪ್ರದಾಯವಾದಿಗಳು ಎಂದ ಮೇಲೆ ನಿಲುವು ಗಟ್ಟಿಯಾಗಿರಬೇಕಲ್ಲವೇ? ಆ ಪಕ್ಷ ವಲಸೆಗೆ ವಿರೋಧಿಯೋ, ಅಲ್ಲವೋ? (ಬಸವನಗುಡಿಯ ಓದುಗರೊಬ್ಬರು)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷಕ್ಕೆ ವಲಸೆಯ ಬಗ್ಗೆ ಒಂದೇ ಒಂದು ನಿಲುವು ಎಂದೂ ಇದ್ದಿಲ್ಲ. ಆ ಪಕ್ಷದೊಳಗೆ ಮೂರು ಹಂಬಲಗಳು ಒಂದೇ ಮನೆಯ ದಾಯಾದಿಗಳಂತೆ ಬಹುಕಾಲದಿಂದ ಒಟ್ಟಿಗೆ ವಾಸವಾಗಿವೆ. ದೇಶದ ಚಹರೆಯೂ ನಡೆನುಡಿಯೂ ಬದಲಾಗದೆ ಉಳಿಯಬೇಕೆಂಬುದು ಒಂದು. ಉದ್ಯಮಗಳಿಗೆ ಬೇಕಾದ ಕೈಗಳು ಸಿಗಬೇಕು, ಖಜಾನೆಯ ಲೆಕ್ಕ ಸರಿತೂಗಬೇಕು ಎಂಬುದು ಇನ್ನೊಂದು. ಬ್ರಿಟನ್ ಜಗತ್ತಿನ ಕಣ್ಣಿಗೆ ದೊಡ್ಡ ದೇಶವಾಗಿಯೇ ಕಾಣಬೇಕು, ಹಿಂದೆ ತಾನು ಆಳಿದ ನಾಡುಗಳ ಜನರಿಗೆ ಕೊಟ್ಟ ಮಾತು ನಡೆಯಬೇಕು ಎಂಬುದು ಮತ್ತೊಂದು. ವಲಸೆಯ ಬಾಗಿಲಿನ ಬೀಗದ ಕೈ ಈ ಮೂವರಲ್ಲಿ ಯಾರ ಸೊಂಟದಲ್ಲಿದೆ ಎಂಬುದರ ಮೇಲೆ ಆಯಾ ಕಾಲದ ನೀತಿ ನಿಂತಿರುತ್ತದೆ. ನಿಮ್ಮ ಮಗಳು ಹೊರಟಾಗ ಅದು ಎರಡನೆಯವರ ಬಳಿ ಇತ್ತು. 2023ರ ಮೇ ತಿಂಗಳ ಹೊತ್ತಿಗೆ ಮೊದಲನೆಯವರು ಅದನ್ನು ಕಿತ್ತುಕೊಂಡರು.

‘ಸಂಪ್ರದಾಯವಾದಿ’ ಎಂಬ ನಮ್ಮ ಅನುವಾದವೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಕನ್ನಡದಲ್ಲಿ ಆ ಪದ ಕೇಳಿದೊಡನೆ ಮಡಿ ಮೈಲಿಗೆಯವರು, ಹಿಡಿದದ್ದನ್ನು ಬಿಡದವರು ಕಣ್ಣೆದುರಿಗೆ ಬರುತ್ತಾರೆ. ಈ ಪಕ್ಷ ಹಾಗೆ ಹಿಡಿದು ಕುಳಿತದ್ದು ಕಡಿಮೆ. ಹೊರಗಿನಿಂದ ಬರುವ ಧಾನ್ಯದ ಮೇಲಿನ ಸುಂಕವನ್ನು 1846ರಲ್ಲಿ ರಾಬರ್ಟ್ ಪೀಲ್ ತೆಗೆದುಹಾಕಿ ತಮ್ಮದೇ ಪಕ್ಷದ ಭೂಮಾಲೀಕರನ್ನು ಎದುರು ಹಾಕಿಕೊಂಡರು, ಪಕ್ಷ ಇಬ್ಭಾಗವಾಯಿತು. 1903ರ ನಂತರ ಜೋಸೆಫ್ ಚೇಂಬರ್ಲೇನ್ ಸುಂಕದ ಗೋಡೆಯನ್ನು ಮತ್ತೆ ಕಟ್ಟಬೇಕೆಂದು ಹೊರಟಾಗ ಅದೇ ಪಕ್ಷ ಇನ್ನೊಮ್ಮೆ ಬಿರುಕು ಬಿಟ್ಟಿತು. ಎರಡನೆಯ ಮಹಾಯುದ್ಧದ ಬಳಿಕ ಎದುರಾಳಿ ಲೇಬರ್ ಪಕ್ಷ ಕಟ್ಟಿದ ಉಚಿತ ಆರೋಗ್ಯ ಸೇವೆಯನ್ನು ಒಪ್ಪಿಕೊಂಡದ್ದು, 1979ರ ನಂತರ ಸರ್ಕಾರಿ ಉದ್ದಿಮೆಗಳನ್ನು ಒಂದೊಂದಾಗಿ ಮಾರಿದ್ದು, 1973ರಲ್ಲಿ ದೇಶವನ್ನು ಯುರೋಪಿನ ಸಮುದಾಯಕ್ಕೆ ಸೇರಿಸಿದ್ದು, 2020ರಲ್ಲಿ ಅಲ್ಲಿಂದ ಹೊರತಂದದ್ದು, ಎಲ್ಲವೂ ಇದೇ ಪಕ್ಷದ ಕೆಲಸ. ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದ ನನಗೆ, ಈ ಪಕ್ಷ ಎಲ್ಲಕ್ಕಿಂತ ಜೋಪಾನವಾಗಿ ಕಾಪಾಡಿಕೊಂಡು ಬಂದದ್ದು ಚುನಾವಣೆ ಗೆಲ್ಲುವ ತನ್ನ ಶಕ್ತಿಯನ್ನು ಎಂದು ಅನೇಕ ಸಲ ಅನ್ನಿಸಿದೆ.

ಬ್ರಿಟನ್ನಿನ ಆಧುನಿಕ ವಲಸೆ ನಿಯಂತ್ರಣದ ಮೊದಲ ಕಾಯ್ದೆ 1905ರದು. ತಂದವರು ಕನ್ಸರ್ವೇಟಿವ್ ಪ್ರಧಾನಿ ಆರ್ಥರ್ ಬಾಲ್ಫರ್. ರಷ್ಯಾದಿಂದಲೂ ಪೂರ್ವ ಯುರೋಪಿನಿಂದಲೂ ಹಿಂಸೆಗೆ ಹೆದರಿ ಬಂದು ಲಂಡನ್ನಿನ ಪೂರ್ವ ಭಾಗದಲ್ಲಿ ನೆಲೆಸುತ್ತಿದ್ದ ಬಡ ಯಹೂದಿಗಳನ್ನು ತಡೆಯುವುದು ಅದರ ಉದ್ದೇಶವಾಗಿತ್ತು. ಯಹೂದಿಗಳಿಗೆ ಪ್ಯಾಲೆಸ್ಟೈನಿನಲ್ಲಿ ನೆಲೆ ಕಲ್ಪಿಸುವ 1917ರ ಪ್ರಸಿದ್ಧ ಘೋಷಣೆಯ ಕೆಳಗಿರುವ ಸಹಿಯೂ ಇದೇ ಬಾಲ್ಫರ್ ಅವರದು. ಆಗ ಹೊರಗಿನವರು ಎಂದರೆ ಸಾಮ್ರಾಜ್ಯದ ಆಚೆಯವರು. ಸಾಮ್ರಾಜ್ಯದ ಒಳಗಿನವರು, ಅಂದರೆ ನಮ್ಮ ಅಜ್ಜ ಮುತ್ತಜ್ಜಂದಿರು, ಕಾಗದದ ಮೇಲಾದರೂ ಒಳಗಿನವರೇ ಆಗಿದ್ದರು.

ಈ ಒಳಗು ಹೊರಗಿನ ಗೆರೆ ಎಲ್ಲಿ ಬೀಳುತ್ತದೆ ಎಂಬುದನ್ನೇ ಮುಂದಿನ ನೂರು ವರ್ಷ ಗಮನಿಸುತ್ತಾ ಹೋಗಬೇಕು. 1948ರಲ್ಲಿ ಲೇಬರ್ ಸರ್ಕಾರದ ಪೌರತ್ವ ಕಾಯ್ದೆ ವಸಾಹತುಗಳ ಜನರಿಗೂ ಬ್ರಿಟನ್ನಿಗೆ ಬಂದು ನೆಲೆಸುವ ಹಕ್ಕನ್ನು ಗಟ್ಟಿ ಮಾಡಿದಾಗ, ವಿರೋಧ ಪಕ್ಷದ ಸಾಲಿನಲ್ಲಿದ್ದ ಕನ್ಸರ್ವೇಟಿವ್ ನಾಯಕ ಡೇವಿಡ್ ಮ್ಯಾಕ್ಸ್‌ವೆಲ್ ಫೈಫ್, ಮೈಬಣ್ಣ ನೋಡಿ ತಡೆಯುವ ಪದ್ಧತಿ ನಮ್ಮಲ್ಲಿಲ್ಲವೆಂದು ಹೆಮ್ಮೆಯಿಂದ ಹೇಳಿಕೊಂಡಿದ್ದರು. ಈ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಮತ್ತೊಮ್ಮೆ ಬರುತ್ತದೆ. ಬೀಗದ ಕೈ ಆಗ ಮೂರನೆಯವರ, ಸಾಮ್ರಾಜ್ಯದ ಹಿರಿಮೆಯನ್ನು ನೆನೆಯುವವರ ಬಳಿ ಇತ್ತು. ಕೆರಿಬಿಯನ್ ದ್ವೀಪಗಳಿಂದ, ಪಂಜಾಬಿನಿಂದ, ಆಗಿನ ಪೂರ್ವ ಮತ್ತು ಪಶ್ಚಿಮ ಪಾಕಿಸ್ತಾನಗಳಿಂದ ಜನ ನಿಜವಾಗಿಯೂ ಬರತೊಡಗಿದಾಗ ಹದಿನಾಲ್ಕೇ ವರ್ಷಗಳಲ್ಲಿ ಕೈ ಬದಲಾಯಿತು. ಹೆರಾಲ್ಡ್ ಮ್ಯಾಕ್‌ಮಿಲನ್ ಸರ್ಕಾರದ ಗೃಹ ಸಚಿವ ರ‍್ಯಾಬ್ ಬಟ್ಲರ್ ಮುಂದಿಟ್ಟ 1962ರ ಕಾಯ್ದೆ ಕಾಮನ್‌ವೆಲ್ತ್ ದೇಶಗಳ ಜನರಿಗೆ ಮೊದಲ ಬಾರಿಗೆ ಉದ್ಯೋಗ ಚೀಟಿಯನ್ನು ಕಡ್ಡಾಯ ಮಾಡಿತು. ಕೆಲಸ ನಿಗದಿಯಾದವರಿಗೊಂದು ಚೀಟಿ, ವಿಶೇಷ ವಿದ್ಯೆಯುಳ್ಳವರಿಗೊಂದು, ಉಳಿದವರಿಗೆ ಮತ್ತೊಂದು. ಇಂದು ಅಂಕಗಳ ಲೆಕ್ಕದಲ್ಲಿ ನಡೆಯುವ ವೀಸಾ ವ್ಯವಸ್ಥೆಯ ಮೂಲ ಆ ಚೀಟಿಗಳಲ್ಲಿದೆ. ಐರ್ಲೆಂಡಿನವರಿಗೆ ಮಾತ್ರ ಈ ತಡೆ ಕಾರ್ಯತಃ ಅನ್ವಯವಾಗಲಿಲ್ಲ ಎಂಬುದೂ ಗೆರೆ ಯಾರನ್ನು ನೋಡಿ ಎಳೆದದ್ದು ಎಂಬುದನ್ನು ಹೇಳುತ್ತದೆ.

ಕನ್ಸರ್ವೇಟಿವ್ ಸಂಸದ ಈನಕ್ ಪೋವೆಲ್ ಅವರ ಪ್ರಸಂಗವನ್ನು ಇಲ್ಲಿ ಬಿಡುವಂತಿಲ್ಲ. ಯುದ್ಧಕಾಲದಲ್ಲಿ ಭಾರತದಲ್ಲಿದ್ದು, ಉರ್ದು ಕಲಿತು, ಒಂದು ದಿನ ಇಲ್ಲಿ ವೈಸರಾಯ್ ಆಗಬೇಕೆಂಬ ಕನಸು ಕಂಡಿದ್ದ ವ್ಯಕ್ತಿ ಅವರು. ಸಾಮ್ರಾಜ್ಯ ಹೋದ ಮೇಲೆ ಅದರ ಜನರಿಗೂ ತಮಗೂ ಯಾವ ಸಂಬಂಧವೂ ಉಳಿಯಲಿಲ್ಲವೆಂಬ ತೀರ್ಮಾನಕ್ಕೆ ಬಂದರು. ಅಂದರೆ ನಾನು ಹೇಳಿದ ಮೂರನೆಯ ಹಂಬಲ ಒಬ್ಬನೇ ಮನುಷ್ಯನಲ್ಲಿ ಕಹಿಯಾಗಿ ಮೊದಲನೆಯದಾದ ಉದಾಹರಣೆ. 1968ರ ಏಪ್ರಿಲ್ 20ರಂದು ಬರ್ಮಿಂಗ್‌ಹ್ಯಾಮಿನಲ್ಲಿ ವಲಸೆಯ ವಿರುದ್ಧ ಅವರು ಮಾಡಿದ ಉಗ್ರ ಭಾಷಣಕ್ಕಾಗಿ ಪಕ್ಷದ ನಾಯಕ ಎಡ್ವರ್ಡ್ ಹೀತ್ ಮರುದಿನವೇ ಅವರನ್ನು ಛಾಯಾ ಸಚಿವ ಸಂಪುಟದಿಂದ, ಅಂದರೆ ವಿರೋಧ ಪಕ್ಷದ ಪರ್ಯಾಯ ಮಂತ್ರಿಮಂಡಲದಿಂದ, ತೆಗೆದುಹಾಕಿದರು. ತೆಗೆದುಹಾಕಿದ ಹೀತ್ ಅವರೇ ಪ್ರಧಾನಿಯಾದ ಮೇಲೆ ತಂದ 1971ರ ವಲಸೆ ಕಾಯ್ದೆ, ಬ್ರಿಟನ್ನಿನಲ್ಲಿ ಹುಟ್ಟಿದ ತಂದೆ ತಾಯಿ ಅಥವಾ ಅಜ್ಜ ಅಜ್ಜಿ ಇದ್ದವರನ್ನು ಬೇರೆಯಾಗಿಯೂ ಉಳಿದ ಕಾಮನ್‌ವೆಲ್ತ್ ಜನರನ್ನು ಬೇರೆಯಾಗಿಯೂ ಕಂಡಿತು. ಭಾಷಣಕಾರನನ್ನು ಹೊರಗಿಟ್ಟು ಅವನ ಹಿಂದೆ ನಿಂತ ಮತದಾರನನ್ನು ಒಳಗಿಟ್ಟುಕೊಳ್ಳುವ ಈ ಜಾಣತನವನ್ನು ಪಕ್ಷ ಮುಂದೆಯೂ ಹಲವು ಸಲ ತೋರಿಸಿದೆ.

ಆ ಕಾಯ್ದೆ ಜಾರಿಗೆ ಬಂದದ್ದು 1973ರ ಜನವರಿ 1ರಂದು. ಬ್ರಿಟನ್ ಯುರೋಪಿನ ಆರ್ಥಿಕ ಸಮುದಾಯವನ್ನು ಸೇರಿದ್ದೂ ಅದೇ ದಿನ. ಮೈಸೂರು ಸೈನಿಕರು ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಹೈಫಾದಲ್ಲಿ ಹೋರಾಡಿ ಅರ್ಧ ಶತಮಾನವಾಗಿತ್ತು, ಅವರ ಮೊಮ್ಮಕ್ಕಳಿಗೆ ಬಾಗಿಲು ಕಿರಿದಾದ ಬೆಳಗ್ಗೆಯೇ ಜರ್ಮನಿಯ, ಇಟಲಿಯ ಕಾರ್ಮಿಕರಿಗೆ ಅದು ತೆರೆದುಕೊಂಡಿತು. ಈ ಒಂದು ದಿನಾಂಕವನ್ನು ನೋಡಿದರೆ ಪಕ್ಷ ವಲಸೆಗೆ ವಿರೋಧಿಯೇ ಎಂದು ಕೇಳುವುದಕ್ಕಿಂತ, ಯಾರ ವಲಸೆಗೆ, ಯಾವ ಕಾರಣಕ್ಕೆ ಎಂದು ಕೇಳುವುದೇ ಮೇಲೆಂದು ನಿಮಗೂ ಅನ್ನಿಸಬಹುದು.

ಇಷ್ಟು ಹೇಳಿ ಹೀತ್ ಅವರನ್ನು ಖಳನನ್ನಾಗಿ ಮಾಡಿದರೆ ಅನ್ಯಾಯವಾಗುತ್ತದೆ. 1972ರ ಆಗಸ್ಟಿನಲ್ಲಿ ಉಗಾಂಡದ ಸರ್ವಾಧಿಕಾರಿ ಈದಿ ಅಮೀನ್ ಅಲ್ಲಿನ ಏಷ್ಯನ್ನರಿಗೆ 90 ದಿನಗಳ ಗಡುವು ಕೊಟ್ಟು ದೇಶ ಬಿಡಲು ಹೇಳಿದಾಗ, ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದಿದ್ದ ಸುಮಾರು 28,000 ಮಂದಿಯನ್ನು ಹೀತ್ ಸರ್ಕಾರ ಒಳಗೆ ಬಿಟ್ಟುಕೊಂಡಿತು. ಪಕ್ಷದೊಳಗಿನ ಪ್ರತಿಭಟನೆಯನ್ನೂ ಲೆಸ್ಟರ್ ನಗರಸಭೆಯ ‘ಇಲ್ಲಿಗೆ ಬರಬೇಡಿ’ ಎಂಬ ಜಾಹೀರಾತನ್ನೂ ಅವರು ಲೆಕ್ಕಿಸಲಿಲ್ಲ. ಕೊಟ್ಟ ಪಾಸ್‌ಪೋರ್ಟಿಗೆ ಬೆಲೆ ಇರಬೇಕೆಂಬ ಹಳೆಯ ಹಂಬಲಕ್ಕೆ ಅದೇ ಸರ್ಕಾರದಲ್ಲಿ ಒಂದು ದಿನ ಬೀಗದ ಕೈ ಸಿಕ್ಕಿತ್ತು.

ಮಾರ್ಗರೆಟ್ ಥ್ಯಾಚರ್ ಅವರ ಕಾಲವನ್ನು ನಾನು ಬೇಗ ದಾಟುತ್ತೇನೆ. 1978ರ ಜನವರಿಯ ದೂರದರ್ಶನ ಸಂದರ್ಶನವೊಂದರಲ್ಲಿ, ಬೇರೆ ಸಂಸ್ಕೃತಿಯ ಜನರಿಂದ ತಾವು ಮುಳುಗಿಹೋಗಬಹುದೆಂದು ಜನ ಹೆದರಿದ್ದಾರೆ ಎಂಬ ಅರ್ಥದ ಮಾತನ್ನು ಅವರು ಆಡಿದರು. ಬಲಪಂಥೀಯ ನ್ಯಾಷನಲ್ ಫ್ರಂಟ್ ಆಗ ತಲೆ ಎತ್ತುತ್ತಿತ್ತು, ಮರುವರ್ಷದ ಚುನಾವಣೆಯಲ್ಲಿ ಅದು ನೆಲಕಚ್ಚಿತು. 1981ರ ಪೌರತ್ವ ಕಾಯ್ದೆ, ಆ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವ ಹಳೆಯ ಪದ್ಧತಿಯನ್ನು ಕೊನೆಗೊಳಿಸಿತು. ಅದೇ ಥ್ಯಾಚರ್ 1986ರಲ್ಲಿ ಯುರೋಪಿನ ಏಕ ಮಾರುಕಟ್ಟೆಯ ಒಪ್ಪಂದವನ್ನು ಒಪ್ಪಿದರು, 1990ರಲ್ಲಿ ಹಾಂಗ್‌ಕಾಂಗಿನ 50,000 ಕುಟುಂಬಗಳ ಯಜಮಾನರಿಗೆ ಮನೆಯವರ ಸಮೇತ ಪೌರತ್ವ ಕೊಡುವ ಕಾಯ್ದೆ ತಂದರು. ಅದನ್ನು ಎದುರಿಸಿದವರಲ್ಲಿ ಮುಂದೆ ನಿಂತವರು ಅವರದೇ ಆಪ್ತರಾಗಿದ್ದ ನಾರ್ಮನ್ ಟೆಬಿಟ್. ವಲಸೆ ಬಂದವರು ಕ್ರಿಕೆಟ್ ಪಂದ್ಯದಲ್ಲಿ ಯಾವ ತಂಡಕ್ಕೆ ಜೈ ಎನ್ನುತ್ತಾರೆ ಎಂಬುದರಿಂದ ಅವರ ನಿಷ್ಠೆಯನ್ನು ಅಳೆಯಬೇಕೆಂದು ಅದೇ ವರ್ಷ ಹೇಳಿದವರೂ ಅವರೇ. ಆ ಅಳತೆಗೋಲನ್ನು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಪಂದ್ಯದ ದಿನ ಹಿಡಿದರೆ ಬೆಂಗಳೂರಿನ ಅರ್ಧ ಜನ ಫೇಲಾದಾರು.

ಈಗ ನಿಮ್ಮ ಮನೆಯ ವಿಷಯಕ್ಕೆ ಹತ್ತಿರವಾದ ಕಾಲಕ್ಕೆ ಬರೋಣ. 2004ರಲ್ಲಿ ಪೂರ್ವ ಯುರೋಪಿನ ಎಂಟು ದೇಶಗಳು ಯುರೋಪಿಯನ್ ಒಕ್ಕೂಟವನ್ನು (ಹಳೆಯ ಆರ್ಥಿಕ ಸಮುದಾಯದ ಹೊಸ ರೂಪ) ಸೇರಿದಾಗ ಲೇಬರ್ ಸರ್ಕಾರ ಅವರಿಗೆ ಕೆಲಸದ ಬಾಗಿಲನ್ನು ಮೊದಲ ದಿನದಿಂದಲೇ ತೆರೆಯಿತು. ಪೋಲೆಂಡಿನಿಂದ ಬಂದವರ ಸಂಖ್ಯೆ ಎಲ್ಲರ ಅಂದಾಜನ್ನೂ ಮೀರಿತು. ಇದರ ಲಾಭ ಪಡೆಯಲು ಕನ್ಸರ್ವೇಟಿವ್ ನಾಯಕ ಡೇವಿಡ್ ಕ್ಯಾಮರನ್ 2010ರಲ್ಲಿ ಒಂದು ಭರವಸೆ ಕೊಟ್ಟರು: ನಿವ್ವಳ ವಲಸೆಯನ್ನು, ಎಂದರೆ ಬಂದವರ ಸಂಖ್ಯೆಯಿಂದ ಹೋದವರ ಸಂಖ್ಯೆಯನ್ನು ಕಳೆದು ಉಳಿದದ್ದನ್ನು, ಲಕ್ಷಗಳಿಂದ ಹತ್ತಾರು ಸಾವಿರಗಳಿಗೆ ಇಳಿಸುತ್ತೇವೆ ಎಂದು. ಆಗ ಅದು ಸುಮಾರು ಎರಡೂವರೆ ಲಕ್ಷವಿತ್ತು. ಯುರೋಪಿನವರನ್ನು ತಡೆಯುವ ಅಧಿಕಾರ ಒಕ್ಕೂಟದ ಒಳಗಿರುವವರೆಗೆ ಅವರಿಗಿರಲಿಲ್ಲ, ದೇಶ ಬಿಟ್ಟು ಹೋಗುವವರ ಮೇಲೂ ಹಿಡಿತವಿರಲಿಲ್ಲ. ಕೈಗೆ ಸಿಕ್ಕವರು ನಮ್ಮಂಥವರು. ಗೃಹ ಸಚಿವೆ ತೆರೇಸಾ ಮೇ 2012ರ ಏಪ್ರಿಲ್‌ನಲ್ಲಿ ಓದಿನ ನಂತರದ ಎರಡು ವರ್ಷದ ಕೆಲಸದ ವೀಸಾವನ್ನು ಮುಚ್ಚಿದರು. ಅದೇ ವರ್ಷ, ಹೊರದೇಶದ ಪತಿಯನ್ನೋ ಪತ್ನಿಯನ್ನೋ ಕರೆತರಲು ವರ್ಷಕ್ಕೆ 18,600 ಪೌಂಡ್ ಆದಾಯ ಇರಲೇಬೇಕೆಂಬ ನಿಯಮ ಬಂತು. ನಂತರದ ಕೆಲವೇ ವರ್ಷಗಳಲ್ಲಿ ಅಲ್ಲಿಗೆ ಹೋಗುವ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ಜಯನಗರ, ಕೋರಮಂಗಲದ ವಿದೇಶ ವ್ಯಾಸಂಗ ಸಲಹೆಗಾರರ ಫಲಕಗಳಲ್ಲಿ ಆಸ್ಟ್ರೇಲಿಯ, ಕೆನಡಾಗಳ ಹೆಸರು ದಪ್ಪ ಅಕ್ಷರಕ್ಕೆ ಏರಿದ್ದು ಆ ದಿನಗಳಲ್ಲೇ.

ಭರವಸೆ ಮಾತ್ರ ಒಂದು ವರ್ಷವೂ ಈಡೇರಲಿಲ್ಲ. ಈಡೇರದ ಭರವಸೆ ಪಕ್ಷದ ಬಲಕ್ಕಿದ್ದ, ಒಕ್ಕೂಟ ಬಿಡಬೇಕೆನ್ನುವ ಯುಕೆ ಇಂಡಿಪೆಂಡೆನ್ಸ್ ಪಕ್ಷಕ್ಕೆ ಗೊಬ್ಬರವಾಯಿತು. 2014ರ ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ ಅದು ಮೊದಲ ಸ್ಥಾನಕ್ಕೆ ಬಂದಿತು. 2016ರ ಜನಮತಗಣನೆಯಲ್ಲಿ ಶೇ 51.9ರಷ್ಟು ಮತದಾರರು ಒಕ್ಕೂಟ ಬಿಡಬೇಕೆಂದರು. ಆ ಪ್ರಚಾರದಲ್ಲಿ ಒಂದೇ ಬಾಯಿಂದ ಎರಡು ಮಾತು ಕೇಳಿಬಂದದ್ದನ್ನು ಗಮನಿಸಬೇಕು. ಸಾಮಾನ್ಯ ಮತದಾರರಿಗೆ ವಲಸೆ ತಗ್ಗುತ್ತದೆ ಎಂದು ಹೇಳಲಾಯಿತು. ಏಷ್ಯಾ ಮೂಲದ ಹೋಟೆಲ್ ಮಾಲೀಕರಿಗೆ, ಯುರೋಪಿನವರ ಮುಕ್ತ ಪ್ರವೇಶ ನಿಂತರೆ ಉಪಖಂಡದಿಂದ ಅಡುಗೆಯವರನ್ನು ಕರೆಸಿಕೊಳ್ಳಬಹುದೆಂದು ಕನ್ಸರ್ವೇಟಿವ್ ನಾಯಕಿ ಪ್ರೀತಿ ಪಟೇಲ್ ಅಂಥವರು ಹೇಳಿದರು. ಎರಡೂ ಗುಂಪಿನವರು ಒಂದೇ ಚೌಕಕ್ಕೆ ಗುರುತು ಹಾಕಿದರು.

2019ರ ಡಿಸೆಂಬರಿನಲ್ಲಿ ಬೋರಿಸ್ ಜಾನ್ಸನ್ ಭಾರೀ ಬಹುಮತದಿಂದ ಗೆದ್ದ ಬಳಿಕ ನಡೆದದ್ದು ಈ ಕಥೆಯ ಅತ್ಯಂತ ಸ್ವಾರಸ್ಯದ ಭಾಗ. ಯುರೋಪಿನವರ ಮುಕ್ತ ಪ್ರವೇಶ ನಿಂತಿತು, ‘ನಿಯಂತ್ರಣ ನಮ್ಮ ಕೈಗೆ ಬಂದಿದೆ’ ಎಂಬ ಘೋಷಣೆ ಮೊಳಗಿತು. ನಿಯಂತ್ರಣ ಕೈಗೆ ಬಂದವರು ಮಾಡಿದ್ದೇನೆಂದು ನಿಯಮಗಳನ್ನು ತೆರೆದು ನೋಡಿದರೆ, ನುರಿತ ಉದ್ಯೋಗಿಗಳ ವೀಸಾಕ್ಕೆ ಬೇಕಾದ ವಾರ್ಷಿಕ ಸಂಬಳ ಸಾಮಾನ್ಯವಾಗಿ 30,000 ಪೌಂಡ್ ಇದ್ದದ್ದು 25,600ಕ್ಕೆ ಇಳಿಯಿತು. ಪದವಿ ಮಟ್ಟದ ಕೆಲಸವೇ ಆಗಬೇಕೆಂಬ ಷರತ್ತು ನಮ್ಮ ಪಿಯುಸಿ ಮಟ್ಟಕ್ಕೆ ಸಡಿಲವಾಯಿತು. ಮೊದಲು ಸ್ಥಳೀಯರಿಗೆ ಜಾಹೀರಾತು ಕೊಟ್ಟು ಯಾರೂ ಸಿಗಲಿಲ್ಲವೆಂದು ತೋರಿಸಬೇಕಾಗಿದ್ದ ನಿಯಮ ಹೋಯಿತು, ವರ್ಷಕ್ಕೆ 20,700 ಎಂಬ ಮಿತಿಯನ್ನು ತೆಗೆದರು. ಮೇ ಅವರು ಮುಚ್ಚಿದ್ದ, ಓದಿನ ನಂತರದ ಎರಡು ವರ್ಷದ ಕೆಲಸದ ವೀಸಾ 2021ರ ಜುಲೈನಲ್ಲಿ ಹೊಸ ಹೆಸರಿನಲ್ಲಿ ಮರಳಿತು. ನಿಮ್ಮ ಮಗಳಿಗೆ ಸಿಕ್ಕಿದ್ದು ಅದೇ. 2022ರ ಫೆಬ್ರವರಿಯಲ್ಲಿ ವೃದ್ಧರ ಆರೈಕೆ ಮಾಡುವ ಕೆಲಸಗಾರರನ್ನೂ ವೀಸಾ ಪಟ್ಟಿಗೆ ಸೇರಿಸಲಾಯಿತು.

ಇದರ ಹಿಂದೆ ಉದಾರತೆಯೇನೂ ಇರಲಿಲ್ಲ, ಖಜಾನೆಯ ಲೆಕ್ಕವಿತ್ತು. ಇಂಗ್ಲೆಂಡಿನ ವಿಶ್ವವಿದ್ಯಾಲಯಗಳು ಅಲ್ಲಿನ ಪದವಿ ವಿದ್ಯಾರ್ಥಿಗಳಿಂದ ಪಡೆಯಬಹುದಾದ ವಾರ್ಷಿಕ ಶುಲ್ಕದ ಗರಿಷ್ಠ ಮಿತಿ 2012ರಲ್ಲಿ 9,000 ಪೌಂಡ್. 2017ರಲ್ಲಿ ಅದನ್ನು 9,250ಕ್ಕೆ ಏರಿಸಿದವರು ಕನ್ಸರ್ವೇಟಿವ್ ಸರ್ಕಾರ ಬೀಳುವವರೆಗೂ ಮತ್ತೆ ಮುಟ್ಟಲಿಲ್ಲ. ಬೆಲೆಗಳು ಏರುತ್ತಲೇ ಇದ್ದವು. ಮತದಾರರ ಮಕ್ಕಳ ಶುಲ್ಕ ಏರಿಸಿದರೆ ಮತ ಹೋಗುತ್ತದೆ, ಸರ್ಕಾರದ ಬೊಕ್ಕಸದಿಂದ ಕೊಟ್ಟರೆ ತೆರಿಗೆ ಏರಿಸಬೇಕಾಗುತ್ತದೆ. ಹೊರದೇಶದ ವಿದ್ಯಾರ್ಥಿಗಳ ಶುಲ್ಕಕ್ಕೆ ಮಾತ್ರ ಅಂಥ ಮಿತಿಯಿಲ್ಲ, ಪದವಿಗೂ ಇಲ್ಲ. ಆದ್ದರಿಂದ ಗಿರಿನಗರದಲ್ಲೋ ಹನುಮಂತನಗರದಲ್ಲೋ ಒಬ್ಬ ತಂದೆ ಸೈಟಿನ ಮೇಲೆ ಸಾಲ ಎತ್ತಿ ಕಟ್ಟಿದ ಹಣ, ಮ್ಯಾಂಚೆಸ್ಟರಿನ ಹುಡುಗನೊಬ್ಬನ ಶುಲ್ಕ ಏರದಂತೆ ನೋಡಿಕೊಂಡಿತು ಎಂದರೆ ಅತಿಶಯೋಕ್ತಿಯಲ್ಲ. ವೃದ್ಧರ ಆರೈಕೆಯ ಕಥೆಯೂ ಇದೇ ಬಗೆಯದು. ಅದರ ಖರ್ಚಿನ ದೊಡ್ಡ ಪಾಲು ಸ್ಥಳೀಯ ಸಂಸ್ಥೆಗಳದು, ಅವುಗಳ ಅನುದಾನವನ್ನು ವರ್ಷಗಟ್ಟಲೆ ಕತ್ತರಿಸಲಾಗಿತ್ತು, ಸಂಬಳ ಏರಿಸದೆ ಸ್ಥಳೀಯರು ಆ ಕೆಲಸಕ್ಕೆ ಬರುವಂತಿರಲಿಲ್ಲ. ಕೇರಳದ, ನೈಜೀರಿಯದ, ಜಿಂಬಾಬ್ವೆಯ ಹೆಣ್ಣುಮಕ್ಕಳು ಬಂದರು. ತೆರಿಗೆ ಏರಿಸಬಾರದು ಎಂಬುದು ಕನ್ಸರ್ವೇಟಿವ್ ಪಕ್ಷದ ಅತಿ ಹಳೆಯ ಹರಕೆಗಳಲ್ಲೊಂದು. ಆ ಹರಕೆಯನ್ನು ಉಳಿಸಿಕೊಳ್ಳಲು ವಲಸೆಯ ಹರಕೆಯನ್ನು ಮುರಿಯಬೇಕಾಯಿತು. ಪಕ್ಷದ ಆದ್ಯತೆಗಳು ಹೇಗೆ ಬದಲಾಗುತ್ತವೆ ಎಂದು ಕೇಳಿದವರಿಗೆ ನಾನು ತೋರಿಸುವ ಜಾಗ ಇದೇ: ಒಂದು ಆದ್ಯತೆ ಇನ್ನೊಂದಕ್ಕೆ ಗೊತ್ತಾಗದಂತೆ ಅದರ ಗಂಟನ್ನು ಬಿಚ್ಚುತ್ತಿರುತ್ತದೆ.

ಪರಿಣಾಮವಾಗಿ, ಹಾಂಗ್‌ಕಾಂಗಿನಿಂದಲೂ ಉಕ್ರೇನಿನಿಂದಲೂ ಬಂದವರೂ ಸೇರಿ, 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ನಿವ್ವಳ ವಲಸೆ 9 ಲಕ್ಷವನ್ನು ದಾಟಿತು. ಹತ್ತಾರು ಸಾವಿರಕ್ಕೆ ಇಳಿಸುತ್ತೇವೆಂದು ಬಂದ ಪಕ್ಷದ ಆಳ್ವಿಕೆಯಲ್ಲೇ ಅದು ಮೂರು ಪಟ್ಟು ಮೀರಿ ಬೆಳೆದಿತ್ತು. ಇದೇ ಹೊತ್ತಿನಲ್ಲಿ ಭಾಷಣಗಳೆಲ್ಲ ಸಣ್ಣ ದೋಣಿಗಳ ಬಗ್ಗೆ. ಇಂಗ್ಲಿಷ್ ಕಾಲುವೆಯನ್ನು ದೋಣಿಗಳಲ್ಲಿ ದಾಟಿ 2022ರಲ್ಲಿ ಬಂದವರು 45,000ಕ್ಕೂ ಹೆಚ್ಚು. ಸಣ್ಣ ಸಂಖ್ಯೆಯೇನಲ್ಲ, ಆದರೆ ಸರ್ಕಾರವೇ ಸಹಿ ಹಾಕಿ ಕೊಟ್ಟ ವೀಸಾಗಳ ಮುಂದೆ ಅದು ಚಿಕ್ಕದು. ದೋಣಿಗಳಲ್ಲಿ ಬಂದವರನ್ನು ಆಫ್ರಿಕದ ರುವಾಂಡಕ್ಕೆ ಕಳುಹಿಸುವ ಯೋಜನೆ 2022ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು, 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಕಾನೂನುಬಾಹಿರವೆಂದಿತು, 2024ರಲ್ಲಿ ಹೊಸ ಕಾಯ್ದೆಯನ್ನೇ ತಂದರೂ ಬಲವಂತವಾಗಿ ಒಬ್ಬರನ್ನೂ ಅಲ್ಲಿಗೆ ಕಳುಹಿಸಲಾಗಲಿಲ್ಲ. ನನ್ನ ಅಭಿಪ್ರಾಯದಲ್ಲಿ ದೋಣಿಗಳ ಮೇಲಿನ ಗದ್ದಲ, ವೀಸಾಗಳ ಮೇಲೆ ಕಣ್ಣು ಬೀಳದಿರಲಿ ಎಂಬ ಆಸೆಯಿಂದಲೂ ಎದ್ದದ್ದು. ಆಸೆ ಫಲಿಸಲಿಲ್ಲ.

ಆಗ ಪ್ರಧಾನಿಯಾಗಿದ್ದವರು ಬೆಂಗಳೂರಿನ ಅಳಿಯ ರಿಷಿ ಸುನಕ್. ಅವರ ಮೊದಲ ಗೃಹ ಸಚಿವೆ ಸುಯೆಲ್ಲಾ ಬ್ರೇವರ್‌ಮನ್, ಗೋವಾ ಮೂಲದ ತಂದೆಯ ಮಗಳು. ನಮ್ಮವರೇ ಕುಳಿತಿದ್ದಾರೆ, ನಮಗೆ ಅನುಕೂಲವಾದೀತು ಎಂದು ಇಲ್ಲಿನ ವಾಕಿಂಗ್ ಗೆಳೆಯರು ನನಗೆ ಹೇಳುತ್ತಿದ್ದರು. ಸೊಸೆಯನ್ನು ಕರೆದೊಯ್ಯುವಂತಿಲ್ಲ ಎಂಬ ನಿಯಮ ಪ್ರಕಟವಾದದ್ದು ಅವರಿಬ್ಬರ ಕಾಲದಲ್ಲೇ, 2023ರ ಮೇ ತಿಂಗಳಲ್ಲಿ. ಆ ಹೊತ್ತಿಗೆ ವಿದ್ಯಾರ್ಥಿಗಳ ಅವಲಂಬಿತರಿಗೆ ಒಂದು ವರ್ಷದಲ್ಲಿ ಕೊಟ್ಟ ವೀಸಾಗಳು ಒಂದೂವರೆ ಲಕ್ಷದ ಆಸುಪಾಸಿಗೆ ಬಂದಿದ್ದವು, ಅವರಲ್ಲಿ ನೈಜೀರಿಯದವರೂ ಭಾರತೀಯರೂ ಹೆಚ್ಚು. 2024ರ ಜನವರಿಯಿಂದ ಆರಂಭವಾದ ಕೋರ್ಸುಗಳಿಗೆ, ಸಂಶೋಧನಾ ಪದವಿಯವರನ್ನು ಬಿಟ್ಟು, ಆ ದಾರಿ ಮುಚ್ಚಿತು. ಮಾರ್ಚಿನಲ್ಲಿ ಆರೈಕೆ ಕೆಲಸಗಾರರ ಕುಟುಂಬಗಳಿಗೂ ಮುಚ್ಚಿತು. ಏಪ್ರಿಲ್‌ನಲ್ಲಿ ನುರಿತ ಉದ್ಯೋಗಿಗಳ ಸಂಬಳದ ಮಿತಿ 26,200ರಿಂದ 38,700 ಪೌಂಡಿಗೂ, ಸಂಗಾತಿಯನ್ನು ಕರೆತರುವ ಆದಾಯದ ಮಿತಿ 18,600ರಿಂದ 29,000ಕ್ಕೂ ಜಿಗಿದವು. ಇಷ್ಟೆಲ್ಲ ಮಾಡಿದ್ದರ ಫಲ ಅಂಕಿಗಳಲ್ಲಿ ಕಾಣುವ ಮುಂಚೆಯೇ ಚುನಾವಣೆ ಬಂತು. 2024ರ ಜುಲೈನಲ್ಲಿ ಪಕ್ಷಕ್ಕೆ ಸಿಕ್ಕಿದ್ದು 121 ಸ್ಥಾನ, ಅದರ ಇತಿಹಾಸದಲ್ಲೇ ಅತಿ ಕಡಿಮೆ, ಅಧಿಕಾರ ಲೇಬರ್ ಪಕ್ಷಕ್ಕೆ ಹೋಯಿತು. ಬಲಗಡೆಯಿಂದ, ವಲಸೆಯನ್ನು ಇನ್ನೂ ಕಟುವಾಗಿ ವಿರೋಧಿಸುವ ರಿಫಾರ್ಮ್ ಪಕ್ಷ ಐದೇ ಸ್ಥಾನ ಗೆದ್ದರೂ 41 ಲಕ್ಷ ಮತ ಪಡೆದು ಕನ್ಸರ್ವೇಟಿವ್ ಮತಗಳನ್ನು ಸೀಳಿತು.

ಇದು ಬ್ರಿಟನ್ನಿಗೆ ಮಾತ್ರ ಸೇರಿದ ರೋಗವಲ್ಲ. ಅಮೆರಿಕದ ರಿಪಬ್ಲಿಕನ್ ಪಕ್ಷದ ರೊನಾಲ್ಡ್ ರೇಗನ್ 1986ರಲ್ಲಿ ಸಹಿ ಹಾಕಿದ ಕಾಯ್ದೆಯಿಂದ ದಾಖಲೆಗಳಿಲ್ಲದ ಸುಮಾರು 27 ಲಕ್ಷ ವಲಸಿಗರು ಕಾನೂನುಬದ್ಧರಾದರು. ನಮ್ಮ ಐಟಿ ಮಂದಿಗೆ ಚಿರಪರಿಚಿತವಾದ ಎಚ್-1ಬಿ ವೀಸಾ ರೂಪುಗೊಂಡದ್ದು ಅದೇ ಪಕ್ಷದ ಹಿರಿಯ ಬುಷ್ 1990ರಲ್ಲಿ ಸಹಿ ಹಾಕಿದ ಕಾಯ್ದೆಯಿಂದ. ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಶುಲ್ಕವೆಂದು 2025ರ ಸೆಪ್ಟೆಂಬರಿನಲ್ಲಿ ಘೋಷಿಸಿ ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ನಿದ್ದೆಗೆಡಿಸಿದ ಟ್ರಂಪ್ ಕೂಡ ಅದೇ ಪಕ್ಷದವರು. ಸಂಪ್ರದಾಯವಾದಿ ಪಕ್ಷಗಳಿಗಷ್ಟೇ ಇದನ್ನು ಅಂಟಿಸುವುದೂ ಸರಿಯಲ್ಲ. ಖಾಸಗಿ ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ನಮ್ಮ ರಾಜ್ಯ ಸಚಿವ ಸಂಪುಟ 2024ರ ಜುಲೈನಲ್ಲಿ ಒಪ್ಪಿಗೆ ಕೊಟ್ಟು, ಉದ್ಯಮಿಗಳು ಆಕ್ಷೇಪಿಸಿದ ಎರಡು ಮೂರು ದಿನಗಳಲ್ಲೇ ತಡೆಹಿಡಿದದ್ದು ನಿಮಗೆ ನೆನಪಿರಬಹುದು. ಅಧಿಕಾರದಲ್ಲಿದ್ದದ್ದು ಕಾಂಗ್ರೆಸ್. ಬೀಗದ ಕೈ ಒಂದು ಸೊಂಟದಿಂದ ಇನ್ನೊಂದಕ್ಕೆ ಹೋಗಿ ಮರಳಿದ್ದನ್ನು ವಿಧಾನಸೌಧದ ಎದುರೇ ನಾವು ಒಂದು ವಾರದಲ್ಲಿ ನೋಡಿದೆವು, ಬ್ರಿಟನ್ನಿನಲ್ಲಿ ಅದಕ್ಕೆ ಹತ್ತು ಹದಿನೈದು ವರ್ಷ ಹಿಡಿಯುತ್ತದೆ, ಅಷ್ಟೇ.

ಇನ್ನು ಮುಂದೇನು? 2024ರ ನವೆಂಬರಿನಲ್ಲಿ ಪಕ್ಷದ ನಾಯಕಿಯಾದ ಕೆಮಿ ಬೇಡನಾಕ್, ನೈಜೀರಿಯದ ತಂದೆ ತಾಯಿಗೆ ಲಂಡನ್ನಿನಲ್ಲಿ ಹುಟ್ಟಿ ಲಾಗೋಸಿನಲ್ಲಿ ಬೆಳೆದವರು. ಕಾಯಂ ವಾಸದ ಹಕ್ಕಿಗೆ ಐದರ ಬದಲು ಹತ್ತು ವರ್ಷ ಕಾಯಬೇಕೆಂದು ಅವರು 2025ರ ಫೆಬ್ರವರಿಯಲ್ಲಿ ಹೇಳಿದರು. ಮೇ ತಿಂಗಳಲ್ಲಿ ಲೇಬರ್ ಸರ್ಕಾರವೇ ತನ್ನ ಶ್ವೇತಪತ್ರದಲ್ಲಿ ಹತ್ತು ವರ್ಷದ ಪ್ರಸ್ತಾವವನ್ನು ಮುಂದಿಟ್ಟಿತು. 2025ರ ಅಕ್ಟೋಬರಿನಲ್ಲಿ ಕನ್ಸರ್ವೇಟಿವ್ ಪಕ್ಷ ಇನ್ನೊಂದು ಹೆಜ್ಜೆ ಹೋಗಿ, ಗಡೀಪಾರಿಗೆ ಅಡ್ಡಿಯಾಗುವ ಮಾನವ ಹಕ್ಕುಗಳ ಯುರೋಪಿಯನ್ ಒಡಂಬಡಿಕೆಯಿಂದಲೇ ಹೊರಬರುತ್ತೇವೆಂದು ಘೋಷಿಸಿತು. 1950ರಲ್ಲಿ ಸಹಿಯಾದ ಆ ಒಡಂಬಡಿಕೆಯ ಕರಡನ್ನು ರೂಪಿಸಿದವರಲ್ಲಿ ಪ್ರಮುಖರು, ಮೇಲೆ ನೆನಪಿನಲ್ಲಿಡಿ ಎಂದಿದ್ದೆನಲ್ಲ, ಅದೇ ಕನ್ಸರ್ವೇಟಿವ್ ನಾಯಕ ಮ್ಯಾಕ್ಸ್‌ವೆಲ್ ಫೈಫ್. ಬಲಗಡೆ ರಿಫಾರ್ಮ್ ಪಕ್ಷ ನಿಂತಿರುವವರೆಗೆ ಈ ಮಾತುಗಳು ಮೆತ್ತಗಾಗುವುದನ್ನು ನಾನು ನಿರೀಕ್ಷಿಸುವುದಿಲ್ಲ. ನಿಯಮಗಳ ವಿಷಯ ಬೇರೆ. 2025ರ ಜೂನ್‌ಗೆ ಮುಗಿದ ವರ್ಷದಲ್ಲಿ ನಿವ್ವಳ ವಲಸೆ ಸುಮಾರು 2 ಲಕ್ಷಕ್ಕೆ ಕುಸಿದಿದೆ, ಅದಕ್ಕೆ ಬಹುಪಾಲು ಕಾರಣ ಸುನಕ್ ಕಾಲದ ನಿಯಮಗಳೇ. ವಿಶ್ವವಿದ್ಯಾಲಯಗಳು ಸಿಬ್ಬಂದಿಯನ್ನು ಕಡಿತ ಮಾಡುತ್ತಿವೆ. ಆ ಒತ್ತಡ ಖಜಾನೆಯ ಬಾಗಿಲಿಗೆ ಬಂದ ದಿನ ಎರಡನೆಯವರು ಮತ್ತೆ ಕೈ ಚಾಚುತ್ತಾರೆ. ಆಗ ಮೊದಲು ಸದ್ದಿಲ್ಲದೆ ಬದಲಾಗುವುದು ಸಂಬಳದ ಮಿತಿ ಮತ್ತು ಉದ್ಯೋಗಗಳ ಪಟ್ಟಿ. ನಾಯಕರ ಭಾಷಣಕ್ಕಿಂತ ಆ ಎರಡನ್ನು ನೋಡುವ ಅಭ್ಯಾಸ ಮಾಡಿಕೊಂಡರೆ ನಿಮಗೆ ಅನುಕೂಲ.

ನಿಮ್ಮ ಮಗನಿಗೆ ಸಂಬಂಧಿಸಿದಂತೆ ಹೇಳುವುದಾದರೆ, ಅವಲಂಬಿತರ ನಿಯಮವನ್ನು ಲೇಬರ್ ಸರ್ಕಾರ ಹಾಗೆಯೇ ಇಟ್ಟುಕೊಂಡಿದೆ, ಆದ್ದರಿಂದ ಬೋಧನಾ ಆಧಾರಿತ ಸ್ನಾತಕೋತ್ತರ ಪದವಿಗೆ ಹೋದರೆ ಸೊಸೆ ಜೊತೆಗೆ ಹೋಗಲಾಗುವುದಿಲ್ಲ. ಓದಿನ ನಂತರದ ಕೆಲಸದ ವೀಸಾ 2027ರ ಜನವರಿಯಿಂದ ಸಲ್ಲಿಸುವ ಅರ್ಜಿಗಳಿಗೆ ಎರಡು ವರ್ಷದ ಬದಲು 18 ತಿಂಗಳು. ಮಗ 2026ರ ಸೆಪ್ಟೆಂಬರಿನಲ್ಲಿ ಸೇರಿ ಒಂದು ವರ್ಷದ ಕೋರ್ಸು ಮುಗಿಸುವಾಗ 2027 ನಡೆಯುತ್ತಿರುತ್ತದೆ, ಆದ್ದರಿಂದ ಅವನಿಗೆ ಅಕ್ಕನಿಗಿಂತ ಆರು ತಿಂಗಳು ಕಡಿಮೆ. ನುರಿತ ಉದ್ಯೋಗಿಗಳ ಸಾಮಾನ್ಯ ಸಂಬಳದ ಮಿತಿ 2025ರ ಜುಲೈನಿಂದ 41,700 ಪೌಂಡ್, ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರುವವರಿಗೆ 33,400. ಸಾಲದ ಕಂತಿನ ಲೆಕ್ಕವನ್ನು ಈ ಎರಡನೆಯ ಅಂಕಿಯನ್ನು ಮುಂದಿಟ್ಟುಕೊಂಡೇ ಹಾಕಿ, ಮತ್ತು ಅವನು ಹೊರಡುವ ಮುಂಚೆ ಆ ಅಂಕಿ ಬದಲಾಗಿದೆಯೇ ಎಂದು ಬ್ರಿಟಿಷ್ ಸರ್ಕಾರದ ಜಾಲತಾಣದಲ್ಲಿ ಇನ್ನೊಮ್ಮೆ ನೋಡಿಕೊಳ್ಳಿ.